ಉರಿಯುವುದಿಲ್ಲ, ಕಾಯುತ್ತದೆ ಅಷ್ಟೇ

ಹೊನ್ನಾಳಿ
ಭಾನುವಾರ ಸಂಜೆ, ೯ ನವೆಂಬರ್ ೨೦೨೫

ರೀ,

‘ಉರಿದದ್ದು ಕಣ್ಣಿಗೆ, ಕಾದದ್ದು...’ ಮುಂದಿನ ಪದ ನೆನಪಾಗುತ್ತಿಲ್ಲ. ಸಾಸ್ವೆಹಳ್ಳಿಯ ನನ್ನ ಅಜ್ಜಿ ರೊಟ್ಟಿ ಸುಡುವಾಗ ಮಕ್ಕಳನ್ನು ಒಲೆಯಿಂದ ದೂರವಿಡಲು ಹೇಳುತ್ತಿದ್ದ ಮಾತು. ‘ಕೈಗೆ’ ಎಂದೇ ಇರಬೇಕು. ಉರಿಯುವ ಬೆಂಕಿ ಕಣ್ಣಿಗೆ ಕಾಣುತ್ತದೆ; ಕಾದ ಹಂಚು ಮುಟ್ಟಿದ ಕೈಗಷ್ಟೇ ತಿಳಿಯುತ್ತದೆ. ಆದರೆ ಅಜ್ಜಿಯ ಬಾಯಲ್ಲಿ ಅದು ಇನ್ನೂ ಉದ್ದದ ಪದವಾಗಿತ್ತು ಅನ್ನಿಸುತ್ತದೆ. ನಿನ್ನೆಯಿಂದ ಹುಡುಕುತ್ತಿದ್ದೇನೆ.

ಫೋನಿನಲ್ಲಿ ಹೇಳಿದರೆ ‘ಆತು ಬಿಡು ಮಾರಾಯ್ತಿ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಜಗಳೂರಿನ ರೂಮಿನಲ್ಲಿ, ಶಾಲೆ ಬಿಟ್ಟ ಮೇಲೆ ನಿಧಾನವಾಗಿ ಓದಿ.

ನಿನ್ನೆ ದಾವಣಗೆರೆಯಲ್ಲಿ ಹೃದಯದ ಡಾಕ್ಟರು ಕೇಳಿದರಲ್ಲ, ‘ಬೀಡಿ ಸಿಗರೇಟು ಏನಾದ್ರೂ ಸೇದ್ತೀರಾ ಕಲ್ಲೇಶ್ ಅವರೇ?’ ಎಂದು. ‘ಇಲ್ಲ ಸರ್, ಬಿಟ್ಟು ಬಾಳ ದಿನ ಆತು’ ಎಂದಿರಿ. ಅವರು ‘ಗುಡ್’ ಎಂದು ಬರೆದುಕೊಂಡರು. ಪಕ್ಕದಲ್ಲಿ ಕೂತ ನಾನೂ ತಲೆಯಾಡಿಸಿದೆ. ನೀವು ಸುಳ್ಳು ಹೇಳಲಿಲ್ಲ. ಹಾಗೆಂದು ನಿಜವಾಗಿಯೂ ನಂಬಿದ್ದೀರಿ. ನನಗೆ ಭಯವಾಗುವುದು ಆ ನಂಬಿಕೆಯನ್ನು ಕಂಡು.

ಹೊರಗೆ ಬಂದವರೇ ಬೇವಿನ ಮರದ ಕೆಳಗೆ ನಿಂತು ಜೇಬಿನಿಂದ ‘ಪೆನ್ನು’ ತೆಗೆದಿರಿ. ನಮ್ಮ ಮನೆಯಲ್ಲಿ ಅದಕ್ಕೆ ಇಟ್ಟ ಹೆಸರೇ ಅದು. ಚಿಕ್ಕ ತಂಬಾಕಿನ ಕಡ್ಡಿಯನ್ನು ತೂರಿಸಿ ಗುಂಡಿ ಒತ್ತಿದರೆ ಬ್ಯಾಟರಿಯ ಕಾವಿಗೆ ಆವಿ ಏಳುವ ಯಂತ್ರಕ್ಕೆ ಇನ್ನೇನೆಂದು ಹೆಸರಿಡುವುದು? ವಾಚ್‌ಮನ್ ಓಡಿ ಬಂದ. ‘ಸಾರ್, ಇಲ್ಲಿ ಸಿಗರೇಟ್ ಸೇದಂಗಿಲ್ರೀ.’ ‘ಇದು ಸಿಗರೇಟಲ್ಲೋ ತಮ್ಮಾ. ಬೆಂಕಿ ಐತಾ? ಬೂದಿ ಐತಾ?’ ಎಂದು ತೋರಿಸಿದಿರಿ. ಅವನು ಬಗ್ಗಿ ನೋಡಿ, ‘ಹಂಗಾರೆ ಏನ್ ಸಾರ್ ಇದು, ಜ್ವರ ನೋಡಾದಾ?’ ಎಂದ. ನೀವು ಮನಸಾರೆ ನಕ್ಕಿರಿ. ನಗುನಗುತ್ತಲೇ ಎಡಗೈಯಿಂದ ಎದೆ ಒತ್ತಿಕೊಂಡಿರಿ. ನಾನು ನೋಡಿದೆ.

ನೀವು ಜಗಳೂರಿನ ಬಸ್ಸು ಹತ್ತಿದಿರಿ, ನಾನು ಹೊನ್ನಾಳಿಯದು. ದಾರಿಯುದ್ದಕ್ಕೂ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ನೀವು ಮೊದಲ ಸಲ ಪೆನ್ನು ಮನೆಗೆ ತಂದ ದಿನ ಪಕ್ಕದ ಮನೆಯ ಸರ್ವಮಂಗಳಮ್ಮ ಇಣುಕಿ, ‘ಏನ್ರೀ, ಮೆಕ್ಕೆಜೋಳ ಹುರಿಯಾಕೆ ಇಟ್ಟು ಮರೆತೀರೇನು, ಸೀದ ವಾಸ್ನೆ!’ ಎಂದು ನಗಿಸಿದ್ದರು. ಬೀಡಿಯ ನಾತಕ್ಕೆ ಹೋಲಿಸಿದರೆ ಅದು ನಮಗೆ ಪರಿಮಳವೇ ಆಗಿತ್ತು.

ಬೀಡಿಯ ಕಾಲದಲ್ಲಿ ನೀವು ಚಪ್ಪಲಿ ಮೆಟ್ಟಿ ಬೀದಿಗೆ ಹೋಗುತ್ತಿದ್ದಿರಿ, ಮಗಳಿಗೆ ಹೊಗೆ ತಾಗಬಾರದೆಂದು. ಪೆನ್ನು ಬಂದ ಮೇಲೆ ಹಾಲ್‌ನಲ್ಲೇ, ಅಕ್ಷಿತಾಳ ಪಕ್ಕದಲ್ಲೇ ಕೂತಿರಿ. ಅಪ್ಪ ಮನೆಯಲ್ಲಿ ಕೂರುವಂತಾದರಲ್ಲ ಎಂದು ನಾನು ಹಿಗ್ಗಿದೆ. ಹೊಗೆ ನಮ್ಮ ಮನೆಗೆ ಒಂದು ಗೋಡೆಯಾಗಿತ್ತು ಎಂದು ತಿಳಿಯಲಿಲ್ಲ. ‘ಅಪ್ಪಾ, ನಿನ್ ಪೆನ್ನು ಚಾರ್ಜ್ ಆಗೈತೆ’ ಎಂದು ಅವಳೇ ತಂದುಕೊಡುತ್ತಿದ್ದಳು. ನಾನು ಗೊಣಗಿದರೆ, ‘ಸುಡಾದು ಬೇರೆ, ಕಾಯಿಸಾದು ಬೇರೆ. ಕನ್ನಡ ಎಂ.ಎ. ಮಾಡಿದೋಳಿಗೆ ಇಷ್ಟೂ ಗೊತ್ತಾಗಲ್ವೇನಮ್ಮಾ?’ ಎಂದು ಕಾಡುತ್ತಿದ್ದಳು.

ಇವತ್ತು ಬೆಳಿಗ್ಗೆ ನಮ್ಮ ಬೀದಿಯ ಡಾಕ್ಟರ್ ಅನ್ನಪೂರ್ಣ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ‘ಸುಡದಿದ್ರೆ ತಂಬಾಕು ತುಳಸಿ ಆಗ್ತೈತೇನ್ರೀ ಕಲ್ಪನಾ?’ ಎಂದರು. ಕೆಲವು ವಿಷಗಳು ಬೀಡಿಗಿಂತ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಎಂದಲ್ಲವಂತೆ. ನಿಕೋಟಿನ್ ಹಾಗೇ ಒಳಗೆ ಹೋಗಿ ಬಿ.ಪಿ. ಏರಿಸುತ್ತದೆ, ಎದೆಬಡಿತ ಹೆಚ್ಚಿಸುತ್ತದೆ, ಚಟವನ್ನೂ ಉಳಿಸುತ್ತದೆ. ಬಹಳ ವರ್ಷ ಎಳೆದವರಿಗೆ ಏನಾಗುತ್ತದೆ ಎಂದು ಕೇಳಿದೆ. ‘ಅದನ್ನ ಹೇಳಾಕೆ ಆ ಯಂತ್ರಕ್ಕೇ ಇನ್ನೂ ಅಷ್ಟು ವಯಸ್ಸಾಗಿಲ್ಲ’ ಎಂದರು. ನಿಮ್ಮ ಎದೆನೋವಿಗೆ ಇದೇ ಕಾರಣವೆಂದು ಅವರು ಹೇಳಲಿಲ್ಲ. ನೋಡುವ ಡಾಕ್ಟರಿಗೆ ಗೊತ್ತಿರಲೇಬೇಕು ಎಂದರು, ಅಷ್ಟೇ. ನಮ್ಮ ದೇಶದಲ್ಲಿ ಇದನ್ನು ಮಾರುವಂತೆಯೇ ಇಲ್ಲವಂತೆ. ಮೊಬೈಲ್ ಅಂಗಡಿಯವನು ಕವರುಗಳ ಕೆಳಗೆ ಬಚ್ಚಿಟ್ಟು ಕೊಡುವ ವಸ್ತುವನ್ನು ನಾವು ಔಷಧಿಯೆಂದು ತಿಳಿದೆವು.

ಬರುವ ಶನಿವಾರ ಆಂಜಿಯೋಗ್ರಾಂಗೆ ಮೊದಲು ಡಾಕ್ಟರು ಕೇಳದಿದ್ದರೂ ನೀವೇ ಬಾಯಿಬಿಟ್ಟು ‘ಸೇದ್ತೀನಿ ಸರ್’ ಎನ್ನಿ. ಜೇಬಿನ ಪೆನ್ನನ್ನು ಅವರ ಮೇಜಿನ ಮೇಲಿಟ್ಟು ಬನ್ನಿ. ಶಾಲೆಯ ಗೇಟಿಗೆ ತಂಬಾಕು ನಿಷೇಧದ ಬೋರ್ಡು ಬರೆಸಿದ ಹೆಡ್‌ಮಾಸ್ಟರು ನೀವು, ನಾಚಿಕೆಯಾಗುತ್ತದೆ, ಬಲ್ಲೆ. ಆಗಲಿ. ನಾಚಿಕೆಯಿಂದ ಯಾರ ಎದೆಯೂ ನಿಂತಿಲ್ಲ.

ಹಾಲು ಕಾಯುತ್ತದೆ, ಹೊಲ ಕಾಯುತ್ತೇವೆ, ಬರುವವರಿಗಾಗಿ ಕಾಯುತ್ತೇವೆ. ಮೂರಕ್ಕೂ ನಮ್ಮಲ್ಲಿ ಒಂದೇ ಪದ. ತರಗತಿಯಲ್ಲಿ ಇದನ್ನು ಚಂದಕ್ಕೆ ಹೇಳುತ್ತಿದ್ದೆ. ಈಗ ಹೇಳಲು ಬಾಯಿ ಬರುವುದಿಲ್ಲ.

ದಸರಾಕ್ಕೆ ಹೊಸದು ಕೊಂಡಾಗ ನೀವು ಬಿಟ್ಟುಹೋದ ಹಳೆಯ ಪೆನ್ನನ್ನು ಎಸೆಯೋಣವೆಂದು ಬೀರುವಿನಲ್ಲಿ ಹುಡುಕಿದೆ. ಸಿಗಲಿಲ್ಲ. ನೀವೇ ಒಯ್ದಿರಬೇಕು. ಅಕ್ಷಿತಾಳನ್ನು ಕೇಳಿದರೆ, ‘ನಂಗೇನು ಗೊತ್ತಮ್ಮಾ’ ಎಂದು ಪುಸ್ತಕ ಹಿಡಿದು ಮೇಲೆ ಹೋದಳು. ಪರೀಕ್ಷೆ ಹತ್ತಿರ ಬಂತು. ಸಂಜೆಯೆಲ್ಲ ತಾರಸಿಯ ಮೇಲೇ ಓದುತ್ತಾಳೆ. ಅವಳ ಚಿಂತೆ ನಿಮಗೆ ಬೇಡ.

ನಿಮ್ಮ ದಾರಿ ಕಾಯುವ,
ಕಲ್ಪನಾ

ತಾ.ಕ.: ಶನಿವಾರದವರೆಗೆ ತಡೆಯಬೇಡಿ, ಈ ಕಾಗದ ಕೈಸೇರಿದ ದಿನವೇ ಬನ್ನಿ. ಅವಳಿಗೆ ನಾನು ಹೇಳಿದರೆ ಸಾಲದು, ನೀವೇ ಹೇಳಬೇಕು. ಅಜ್ಜಿಯ ಪದವೂ ಸಿಕ್ಕಿತು: ಕರುಳಿಗೆ. ಲಕೋಟೆ ಅಂಟಿಸುವಷ್ಟರಲ್ಲಿ ಸರ್ವಮಂಗಳಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಬಾಗಿಲಲ್ಲೇ ನಿಂತು, ತಲೆಯೆತ್ತಿ ಮೂಗರಳಿಸಿ, ‘ಮೇಷ್ಟ್ರು ಇನ್ನೂ ಊರಿಗೆ ಹೋಗಿಲ್ಲೇನ್ರೀ? ನಿಮ್ಮ ತಾರಸಿ ಮ್ಯಾಲಿಂದ ಆಗ್ಲಿಂದ ಜೋಳ ಸೀದ ವಾಸ್ನೆ ಬರ್ತಾ ಐತೆ’ ಎಂದರು.