ತಾತ ಕೊಡದ ಚಾವಿ

೧೪ ನವೆಂಬರ್ ೨೦೨೫, ಶುಕ್ರವಾರ

ಮಗಳು ಚಿನ್ನಿ ಮಲಗಿದ್ದಾಳೆ, ನನಗೇ ನಿದ್ದೆಯಿಲ್ಲ. ಹಳೆಯ ಅಂಬಾಸಿಡರ್ ಆಂಬ್ಯುಲೆನ್ಸ್ ಕಡೆಗೂ ನಮ್ಮ ಮನೆ ಮುಂದೆ ನಿಂತಿದೆ. ಚಕ್ರಕ್ಕೆ ಕೊಟ್ಟ ಕಲ್ಲು ಸರಿದಿಲ್ಲ ತಾನೇ ಎಂದು ಎರಡು ಸಲ ನೋಡಿ ಬಂದೆ.

ಸಿರುಗುಪ್ಪದಿಂದ ಬಳ್ಳಾರಿ ಆಸ್ಪತ್ರೆಗೆ ಬರುವಾಗ ಅವ್ವ ನನ್ನನ್ನು ಹೆತ್ತದ್ದು ಅದರಲ್ಲೇ. ಅಂದು ಅದನ್ನು ಓಡಿಸಿದ ಡ್ರೈವರ್ ಅಯ್ಯಣ್ಣ ತಾತನೇ ಮುಂದೆ ಅದನ್ನು ಹರಾಜಿನಲ್ಲಿ ಕೊಂಡು ಕುರುಗೋಡಿನಲ್ಲಿ ಇಟ್ಟುಕೊಂಡಿದ್ದರು. ನಾನು ಮೂರು ಸಲ ಹೋಗಿ ಕೇಳಿದಾಗಲೂ ಮಾರುವುದಿಲ್ಲ ಎಂದಿದ್ದರು. ಇವತ್ತು ಚಿನ್ನಿ ಸ್ಟೇರಿಂಗ್ ಹಿಡಿದವಳು ಬಿಡಲೇ ಇಲ್ಲ.

“ನಿನಗಿಂತ ಹಟಮಾರಿ ಅದಾಳಲ್ಲ. ತಗಂಡು ಹೋಗವ್ವ” ಎಂದರು. ಚಾವಿ ಮಾತ್ರ ಕೊಡಲಿಲ್ಲ. “ಎತ್ತು ಮಾರಿದ್ರ ಹಗ್ಗ ಕೊಡ್ತಾರೇನು?”

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು. ಬೇರೆ ಚಾವಿ ಮಾಡಿಸೋಣ ಎಂದರು ನಮ್ಮ ಯಜಮಾನರು. ನಾನೇ ಬೇಡವೆಂದೆ. ತಾತನೇ ಬಂದು ಸ್ಟಾರ್ಟ್ ಮಾಡಲಿ. ಅವರು ಓಡಿಸುವಾಗ ನಾನು ಹಿಂದೆ, ಚಿನ್ನಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಅದೇ ಸಿರುಗುಪ್ಪ ರಸ್ತೆಯಲ್ಲಿ ಒಂದು ಸಲ ಹೋಗಿಬರಬೇಕು.