ಹೆಸರು ಹಾಕಿಸಿದ ತಟ್ಟೆ

ವಿದ್ಯಾನಗರ, ದಾವಣಗೆರೆ
ಭಾನುವಾರ

ಪ್ರೀತಿಯ ಮುಮ್ತಾಜ್,

ಕಡೆಗೂ ನಿನ್ನೆ ನಿಮ್ಮೂರಿಗೆ ಹೋಗಿದ್ದೆ. ನೀನು ಮಣ್ಣಾಗಿ ಎಂಟು ತಿಂಗಳಾದ ಮೇಲೆ ಹೋದೆ. ಬೈಯುವುದಿದ್ದರೆ ಬೈದುಬಿಡು, ಎದುರಾಡುವುದಿಲ್ಲ.

ಶಾಲೆಯ ಸ್ಟಾಫ್ ರೂಮಿನಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನ ಮೇಲೆ ಕೂತು ನೋಟ್‌ಬುಕ್ ತಿದ್ದಿದವರು ನಾವು. ಪ್ರತಿ ಶುಕ್ರವಾರ ನಿನ್ನದು ಒಂದೇ ಕರೆ: "ನಮ್ಮೂರಾಗ ನೋಡಾಕ ಏನೂ ಇಲ್ಲ ಉಮಾ, ಆ ಏನೂ ಇಲ್ಲದ್ದನ್ನ ನೋಡಾಕರ ಬಾ." ನಾನು ಬಾರಿಗೊಂದು ನೆಪ ಹೇಳುತ್ತಿದ್ದೆ. ತಲೆನೋವು, ಅವ್ವನ ಉಪವಾಸ, ಮುಗಿಯದ ಪೇಪರುಗಳು. ಒಮ್ಮೆ ಮಾತ್ರ ಬರುತ್ತೇನೆಂದು ಒಪ್ಪಿ, ಆ ಶನಿವಾರ ಬೆಳಿಗ್ಗೆ ಹಲ್ಲುನೋವೆಂದು ಫೋನ್ ಮಾಡಿದೆ. ಹಲ್ಲು ಗಟ್ಟಿಮುಟ್ಟಾಗಿಯೇ ಇತ್ತು. ಬಂದರೆ ನಿಮ್ಮ ಮನೆಯಲ್ಲಿ ಉಣ್ಣಬೇಕಾಗುತ್ತದಲ್ಲ, ಅವ್ವ ಏನೆಂದಾಳು ಎಂಬ ಅಳುಕು, ಅಷ್ಟೇ. ಅದು ನಿನಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಎಲ್ಲರಿಗೂ ಪೇರಲಹಣ್ಣು ಹೆಚ್ಚಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದವಳು ನನಗೆ ಮಾತ್ರ ಇಡೀ ಹಣ್ಣು ಕೊಡುತ್ತಿದ್ದೆಯಲ್ಲ, ಆಗಲೇ ತಿಳಿಯಬೇಕಿತ್ತು.

ಏಳು ದಿನದ ಜ್ವರಕ್ಕೆ ನೀನು ಹೋದಾಗಲೂ ಮುಖ ನೋಡಲು ಬರಲಿಲ್ಲ. ಈಗ ಬಂದೆಯಾ ಎಂದು ನಿಮ್ಮಮ್ಮ ಖತೀಜಾಬೀ ಕೇಳಿದರೆ ಏನು ಹೇಳಲಿ ಎಂದು ಹೆದರಿದೆ.

ಹರಿಹರದಲ್ಲಿ ಬಸ್ಸು ಬದಲಿಸಿ ನಿಮ್ಮೂರಲ್ಲಿ ಇಳಿದೆ. ನೀನು ಹೇಳಿದ್ದು ಸುಳ್ಳಲ್ಲ, ನೋಡಲು ಏನೂ ಇಲ್ಲ. ಅರ್ಧ ರಸ್ತೆಗೆ ಭತ್ತ ಹರವಿದ್ದರು, ಬೈಕಿನವರು ಬಳಸಿಕೊಂಡು ಹೋಗುತ್ತಿದ್ದರು. ನಿನ್ನ ಕತೆಗಳಲ್ಲಿ ಸದಾ ತೂಕಡಿಸುತ್ತಿದ್ದ ಸೈಕಲ್ ಷಾಪಿನ ಮಸ್ತಾನಸಾಬ್ ನಿಜಕ್ಕೂ ಬಾಗಿಲಲ್ಲೇ ತೂಕಡಿಸುತ್ತಿದ್ದರು. ಊರ ಪಕ್ಕದ ಕಾಲುವೆ, ನಿನ್ನ ಬಾಯಲ್ಲಿ ‘ಚಾನಲ್’, ಅದರ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆ. ಕೊಯ್ದ ಗದ್ದೆಯಲ್ಲಿ ಬೆಳ್ಳಕ್ಕಿಗಳು, ದೂರದಲ್ಲಿ ರೈಸ್‌ಮಿಲ್ಲಿನ ಸದ್ದು. "ಇದೇ ನೋಡು ನಮ್ಮ ಸಮುದ್ರ" ಎಂದು ಜಂಬ ಕೊಚ್ಚಲು ಪಕ್ಕದಲ್ಲಿ ನೀನಿರಬೇಕಿತ್ತು. ಅಲ್ಲೇ ಅತ್ತುಬಿಟ್ಟೆ ಕಣೇ.

ನಿಮ್ಮಮ್ಮ ಏನೂ ಕೇಳಲಿಲ್ಲ. "ಬಿಸ್ಲಾಗ ಬಂದಿ, ಕೂಡವ್ವ" ಎಂದು ನೀರು ಕೊಟ್ಟರು. ಆಮೇಲೆ ತಲೆಯ ಮೇಲೆ ಸೆರಗೆಳೆದುಕೊಂಡು ಹೊರಟರು. "ಪಕ್ಕದ್ಮನಿ ಪುಟ್ಟಕ್ಕನ್ನ ಕರಿತೀನಿ ತಡಿ, ರೊಟ್ಟಿ ಮಾಡ್ತಾಳೆ. ನಮ್ ಕೈದು ನೀ ಉಣ್ಣಲ್ಲಂತ ಮುಮ್ತಾಜ್ ಹೇಳಿದ್ಲು. ನೀ ಬರ್ತೀನಂದಿದ್ದ ದಿನಾನೂ ಆಕಿ ಕೈಲೇ ಮಾಡ್ಸಿದ್ಲು. ನಿನ್ ಫೋನ್ ಬರೋ ಹೊತ್ತಿಗೆ ರೊಟ್ಟಿ ಆಗಿದ್ವು. ಒಣಗಿದ ರೊಟ್ಟಿನ ಮೂರು ದಿನ ತಾನೇ ತಿಂದ್ಲು."

ಬಾಗಿಲು ದಾಟುವ ಮುನ್ನ ನೆನಪಾಗಿ, ಮೇಲಿನ ಹಲಗೆಯಿಂದ ಪೇಪರಿನಲ್ಲಿ ಸುತ್ತಿದ್ದ ಸ್ಟೀಲ್ ತಟ್ಟೆಯನ್ನು ಇಳಿಸಿದರು. "ನಿನಗಂತ ದಾವಣಗೆರಿ ಮಂಡಿಪ್ಯಾಟ್ಯಾಗ ತಂದಿದ್ಲು. ಇದ್ರಾಗ ಬ್ಯಾರೆ ಏನೂ ಹಾಕಿಲ್ಲವ್ವ, ಒಂದ್ಸಲನೂ."

ಅಂಗಡಿಯವನ ಕೈಯಲ್ಲಿ ಅಂಚಿಗೆ ಹೆಸರು ಹಾಕಿಸಿದ್ದೀಯ: ಉಮಾಮಹೇಶ್ವರಿ. ಕೆಳಗೆ ತಾರೀಖು, ನನ್ನ ಹಲ್ಲುನೋವಿನ ಶನಿವಾರದ್ದು. ಮುಮ್ತಾಜ್, ನನ್ನ ಸಣ್ಣತನ ನಿನಗೆ ಪೂರಾ ಗೊತ್ತಿತ್ತು. ಒಂದು ದಿನವೂ ಜಗಳವಾಡದೆ ಅದಕ್ಕೂ ಒಂದು ತಟ್ಟೆ ತಂದಿಟ್ಟೆಯಲ್ಲ!

ನಿಮ್ಮಮ್ಮನ ಕೈ ಹಿಡಿದು ನಿಲ್ಲಿಸಿದೆ. "ಪುಟ್ಟಕ್ಕ ಬ್ಯಾಡಮ್ಮ, ನೀವೇ ಮಾಡ್ರಿ" ಎಂದೆ. ಅವರು ಸೆರಗು ಸಿಕ್ಕಿಸಿಕೊಂಡು ಹಿಟ್ಟು ನಾದಲು ಕೂತರು. ಆ ತಟ್ಟೆಗೇ ಬಡಿಸಿದರು: ರೊಟ್ಟಿ, ಬದನೆಕಾಯಿ ಪಲ್ಯ. ಮೊದಲ ತುತ್ತನ್ನು ನಾನೇ ಮುರಿದುಕೊಂಡೆ. ಎರಡನೆಯದನ್ನು ಅವರೇ ಮುರಿದು ಬಾಯಿಗಿಟ್ಟರು.

ಮನೆಗೆ ಬಂದು ಅವ್ವನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಇನ್ನೂ ಮಾತು ಬಿಟ್ಟಿದ್ದಾಳೆ. ಇಷ್ಟು ಸಣ್ಣ ಮುನಿಸಿಗೆ ಹೆದರಿ ನಿನ್ನ ಎಷ್ಟು ಶನಿವಾರಗಳನ್ನು ಕಳೆದುಕೊಂಡೆ ನೋಡು.

ಹೊರಡುವಾಗ ನಿಮ್ಮಮ್ಮ, "ಆಕಿ ನೆಪ್ಪಿಗೆ ಇರ್ಲಿ, ಒಯ್ಯಿ" ಎಂದು ತಟ್ಟೆಯನ್ನು ನನ್ನ ಚೀಲಕ್ಕೆ ಹಾಕಿದ್ದರು. ಅಲ್ಲೇ ಹೊರತೆಗೆದು, ನಿಮ್ಮ ಮನೆಯ ಹಲಗೆಯ ಮೇಲೆ ನಿನ್ನ ತಟ್ಟೆಯ ಜೊತೆಗೇ ಇಟ್ಟು ಬಂದೆ. ಬರುವ ಶನಿವಾರ ಉಣ್ಣಲು ಬೇಕಲ್ಲ.

ನಿನ್ನ ಮೇಲಿನ ಮಣ್ಣು ತಂಪಾಗಿರಲಿ, ಗೆಳತಿ.

ತಡವಾಗಿ ಬಂದ ನಿನ್ನ
ಉಮಾ