ಓಟ್ಸ್ ಹಾಲಿನ ಮೊದಲ ಲೋಟ

ಹದಿನಾಲ್ಕನೆಯ ತಾರೀಖು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನೀನು ಕೇಳಿ ಎಷ್ಟೋ ದಿನವಾಯಿತು, ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ಬೇಡದ್ದನ್ನೆಲ್ಲ ಹೇಳಿಬಿಡುತ್ತದೆ. ಷೇರಿಗೆ ಅರ್ಜಿ ಹಾಕಲು ಮುಂದಿನ ವಾರದ ಕೊನೆಯವರೆಗೂ ಸಮಯವಿದೆಯಂತೆ, ಅಷ್ಟರೊಳಗೆ ಈ ಕಾಗದ ನಿನ್ನ ಕೈಸೇರುತ್ತದೆ.

ನಾವಿಬ್ಬರೂ ಕ್ಷೇಮ. ನಿಮ್ಮಪ್ಪನ ಮಂಡಿನೋವು ಅವರ ಹಾಗೆಯೇ, ಹೇಳಿದ ಮಾತು ಕೇಳುವುದಿಲ್ಲ. ಹೋದ ತಿಂಗಳು ನೀನು ಊರಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಇದ್ದು ಹಾಗೇ ಹೊರಟುಹೋದೆಯಲ್ಲ, ಅದನ್ನು ಅವರು ಇನ್ನೂ ಗೊಣಗುತ್ತಿದ್ದಾರೆ. "ಕೆಲಸ ಇತ್ತಂತೆ" ಅಂದೆ. "ಕೆಲಸ ಇರೋರು ಊಟ ಮಾಡಲ್ವಾ?" ಅಂದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಚಿಕ್ಕಮ್ಮನ ಓಟ್ಸ್ ಹಾಲಿನ ಕಂಪನಿ ಮೊದಲ ಬಾರಿಗೆ ಷೇರು ಬಿಡುತ್ತಿದೆ, ಉಳಿತಾಯವನ್ನೆಲ್ಲ ಅದಕ್ಕೇ ಹಾಕಲೇ ಎಂದು ಕೇಳಿದ್ದೀಯ. ಕಂಪನಿಯ ಮಾಹಿತಿ ಪುಸ್ತಕವನ್ನು ನಮ್ಮ ಲೈಬ್ರರಿಯಲ್ಲೇ ಅಚ್ಚು ಹಾಕಿಸಿ ಪೂರ್ತಿ ಓದಿದೆ. ಕವಿತೆ ಓದಿ ಅಭ್ಯಾಸವಾದವಳಿಗೆ ಅದೇನೂ ಕಷ್ಟವಾಗಲಿಲ್ಲ. ಎರಡರಲ್ಲೂ ಬಿಟ್ಟ ಸಾಲನ್ನೇ ಹುಡುಕಬೇಕು. ಆದರೂ ಅನುಮಾನ ಬೇಡವೆಂದು ಗೂಳಿ ಮಾವನಿಗೆ ತೋರಿಸಿದೆ. ಓದುವ ಕೋಣೆಯ ಕಿಟಕಿ ಪಕ್ಕ ಕೂತು ಷೇರುಪೇಟೆಯ ಪುಟ ಬಿಟ್ಟು ಬೇರೇನನ್ನೂ ಮುಟ್ಟದ ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ನಾವಿಟ್ಟ ಹೆಸರು ಅದು.

"ಮೇಡಂ, ಇದ್ರಲ್ಲಿ ಎತ್ತೋ ದುಡ್ಡಲ್ಲಿ ಕಂಪನಿಗೆ ಹೋಗೋದು ಕಾಲು ಭಾಗ. ಮಿಕ್ಕಿದ್ದೆಲ್ಲ ಹಳೇ ಪಾಲುದಾರರ ಜೇಬಿಗೆ. ಅವರು ಮಾರ್ಕೊಂಡು ಹೊರಡ್ತಾ ಇದಾರೆ. ಹಸು ಸಾಕಿದೋನು ಹಸು ಮಾರೋದು ಯಾವಾಗ, ಹೇಳಿ?"

"ಕಷ್ಟ ಬಂದಾಗ," ಅಂದೆ.

"ಅದು ಬಡವ. ಜಾಣ ಮಾರೋದು ಹಾಲು ಬತ್ತೋದಕ್ಕೆ ಸ್ವಲ್ಪ ಮುಂಚೆ. ಕೆಚ್ಚಲು ತುಂಬಿದ ಹಾಗೆ ಕಾಣ್ಬೇಕು, ಅಷ್ಟೇ."

"ಈ ಹಾಲಿಗೆ ಕೆಚ್ಚಲೇ ಇಲ್ವಲ್ಲ ಸಾರ್."

ಅವರು ನಕ್ಕ ನಗೆಗೆ 'ಸದ್ದು ಮಾಡಬೇಡಿ' ಫಲಕದ ಕೆಳಗೆ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು.

ಕಂಪನಿ ಹುಟ್ಟಿದಂದಿನಿಂದ ಲಾಭದ ಮುಖ ಕಂಡಿಲ್ಲ, ಗುಬ್ಬಿ. ಓಟ್ಸ್ ಕೊಳ್ಳುವುದಕ್ಕಿಂತ ಜಾಹೀರಾತಿಗೆ ಹೆಚ್ಚು ಸುರಿದಿದ್ದಾರೆ. ದೊಡ್ಡ ಡೈರಿಗಳು ಅದೇ ಹಾಲನ್ನು ಅಗ್ಗಕ್ಕೆ ಮಾರಲು ಶುರುಮಾಡಿವೆ. ಚಿಕ್ಕಮ್ಮ ಕಳಿಸಿದ ಡಬ್ಬಿಯ ಹಾಲಿನಲ್ಲಿ ನಿಮ್ಮಪ್ಪ ಚಹಾ ಮಾಡಿದರು. ಒಡೆದು ತರಿತರಿಯಾಯಿತು. ಲೋಟವನ್ನು ಬೆಳಕಿಗೆ ಹಿಡಿದು, "ಬಿಳಿ ಇದೆ, ಇಲ್ಲ ಅನ್ನಲ್ಲ. ಸುಣ್ಣಾನೂ ಬಿಳೀನೇ" ಅಂದರು.

ಇವೆಲ್ಲ ಲೆಕ್ಕದ ಮಾತು. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಮೆಸೇಜಿನ ಕೊನೆಯ ಸಾಲು. 'ಚಿಕ್ಕಮ್ಮ ಆ ಹಾಲು ಮಾಡದೇ ಇದ್ದಿದ್ರೆ ನಾನು ಉಳೀತಾನೇ ಇರ್ಲಿಲ್ಲ ಅಲ್ವಾ ಅಮ್ಮ, ಆ ಋಣಕ್ಕಾದ್ರೂ ಹಾಕ್ಬೇಕು.'

ನಿನಗೆ ಹಾಗೆಂದು ಯಾರು ಹೇಳಿದರು ಎಂದು ನಾನು ಕೇಳುವುದಿಲ್ಲ. ಹಾಗಲ್ಲ ಎಂದು ನಾನಂತೂ ಎಂದೂ ಹೇಳಲಿಲ್ಲ. ಕೂಸಿಗೆ ಹಾಲು ಕುಡಿಸಿದ್ದನ್ನು ಯಾವ ತಾಯಿ ಡಂಗುರ ಹೊಡೆದುಕೊಂಡು ತಿರುಗುತ್ತಾಳೆ? ಈಗ ಹೇಳುತ್ತೇನೆ, ಒಂದೇ ಸಲ.

ನಿನಗೆ ಎದೆಹಾಲು ಬಿಡಿಸಿದ ಮೇಲೆ ಹಸುವಿನ ಹಾಲು ಕೊಟ್ಟರೆ ಮೈಯೆಲ್ಲ ದದ್ದು, ವಾಂತಿ. ಓಟ್ಸ್ ಗಂಜಿ ಮಾಡಿದರೆ ಗೋಂದಿನ ಹಾಗೆ ಅಂಟು. ತುಪುಕ್ಕೆಂದು ನನ್ನ ಮುಖಕ್ಕೇ ಉಗಿಯುತ್ತಿದ್ದೆ. ಒಂದು ಸಲ ನೆನೆಹಾಕಿ ಮರೆತ ಜವೆಗೋಧಿ, ಅದೇ ಬಾರ್ಲಿ, ಮೊಳಕೆ ಬಂದಿತ್ತು. ನನ್ನ ಜಿಪುಣತನ ನಿನಗೆ ಗೊತ್ತಲ್ಲ, ಎಸೆಯಲು ಮನಸ್ಸಾಗದೆ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದ್ದೆ. ಓಟ್ಸ್ ಹಿಟ್ಟಿನ ಡಬ್ಬಿಯೂ ಅದರ ಜೋಡಿಯದೇ. ಒಂದು ಮಧ್ಯಾಹ್ನ ಆರುತ್ತಿದ್ದ ಗಂಜಿಗೆ ಓಟ್ಸ್ ಹಿಟ್ಟೆಂದುಕೊಂಡು ಅದನ್ನು ಸುರಿದುಬಿಟ್ಟೆ. ಮೊಳಕೆ ಕಾಳಿನ ಗುಣವೇ ಹಾಗಂತೆ, ಕಲಕುತ್ತ ನಿಂತಂತೆ ಅಂಟೆಲ್ಲ ಕರಗಿ ಗಂಜಿ ಹಾಲಿನಷ್ಟು ತೆಳ್ಳಗಾಯಿತು. ನೆಕ್ಕಿ ನೋಡಿದರೆ ಸಕ್ಕರೆಯಿಲ್ಲದೆ ಸಿಹಿ! ಆಗ ನಮ್ಮ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಿದ್ದ ನಿನ್ನ ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, "ಅಯ್ಯೋ ಅಕ್ಕಾ, ಇದ್ದ ಗಂಜೀನೂ ಕೆಡಿಸಿದ್ಯಲ್ಲೇ!" ಎಂದು ಬಿದ್ದು ಬಿದ್ದು ನಕ್ಕಳು. ನೀನು ಮಾತ್ರ ಸೋಸಿಕೊಟ್ಟ ಲೋಟವನ್ನು ಪೂರ್ತಿ ಖಾಲಿ ಮಾಡಿ, ಇನ್ನೂ ಬೇಕೆಂದು ಚಮಚದಿಂದ ನೆಲ ಕುಟ್ಟಿದೆ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅವಳು ಆ ಗಂಜಿಯನ್ನೂ ನೋಡಿದಳು, ನನ್ನ ಅಳುವನ್ನೂ ನೋಡಿದಳು. ಎರಡೂ ಅವಳಿಗೆ ಉಪಯೋಗಕ್ಕೆ ಬಂದವು. ಟಿ.ವಿ. ಜಾಹೀರಾತಿನಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು ಅಳುವ ಹೆಂಗಸನ್ನು ನೋಡಿದ್ದೀಯಲ್ಲ, ಅವಳದು ಚಿಕ್ಕಮ್ಮನ ಪಾತ್ರ.

ಹೋದ ವಾರ ಅವಳೇ ಫೋನ್ ಮಾಡಿದ್ದಳು. "ಅಕ್ಕಾ, ಮನೆಯವರಿಗೆ ಅಂತ ಸ್ವಲ್ಪ ಷೇರು ತೆಗೆದಿಡಿಸಿದೀನಿ. ಗುಬ್ಬೀಗೆ ಹೇಳು."

"ಆ ಜಾಹೀರಾತಿನಲ್ಲಿ ಅಳೋದು ಯಾರೇ?" ಎಂದು ಕೇಳಿದೆ.

"ಅದಾ? ಕಥೆ ಅರ್ಧ ನಿಮಿಷದಲ್ಲಿ ಮುಗೀಬೇಕಕ್ಕಾ. ಅಕ್ಕ ಒಬ್ಬಳು, ತಂಗಿ ಒಬ್ಬಳು ಅಂದ್ರೆ ಜನಕ್ಕೆ ತಲೆಬುಡ ತಿಳಿಯಲ್ಲ. ಒಬ್ಬಳು ತಾಯಿ, ಒಂದು ಮಗು, ಮುಗೀತು. ನಂಗಂತೂ ಮಕ್ಕಳಾಗ್ಲಿಲ್ಲ. ಗುಬ್ಬಿ ನಂಗೂ ಮಗಳೇ ತಾನೇ?"

ಇಲ್ಲ ಎಂದರೆ ಕಟುಕಿಯಾಗುತ್ತೇನೆ. "ಒಲೆ ಮೇಲೆ ಪಾತ್ರೆ ಇಟ್ಟಿದೀನಿ" ಎಂದು ಫೋನ್ ಇಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಬೇಡ, ಹಾಕಬೇಡ. ಇದು ಹೊಟ್ಟೆಕಿಚ್ಚಿನ ಮಾತೆಂದು ನಿನಗೆ ಅನಿಸಬಹುದು. ನನಗೂ ಅನಿಸಿತ್ತು, ಅದಕ್ಕೇ ಗೂಳಿ ಮಾವನ ಹತ್ತಿರ ಹೋದದ್ದು. ನೀನು ದುಡಿದ ಹಣ, ಕೊನೆಯ ಮಾತು ನಿನ್ನದೇ. ಹಾಕಲೇಬೇಕೆಂದಿದ್ದರೆ ಹೋದರೂ ಅಳು ಬಾರದಷ್ಟು ಹಾಕು. ಋಣವೆಂದು ಮಾತ್ರ ಹಾಕಬೇಡ. ಆ ಲೋಟಕ್ಕೆ ನಾನು ಬೆಲೆ ಕಟ್ಟಿಲ್ಲ, ಬೇರೆಯವರು ಕಟ್ಟಿದ ಬೆಲೆಯನ್ನು ನೀನು ತೆರಬೇಕಾಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಣ್ಣು ಉರಿಯುತ್ತದೆ ಅಂದಿದ್ದೆ, ಡಾಕ್ಟರಿಗೆ ತೋರಿಸಿದೆಯಾ? ನೀನು ಇಟ್ಟ ಹೆಜ್ಜೆಗೆಲ್ಲ ನೆಲ ಗಟ್ಟಿಯಾಗಿ ಸಿಗಲಿ, ನನ್ನ ಆಯಸ್ಸೂ ನಿನಗಿರಲಿ.

ಇಂತು,
ನಿನ್ನ ಅಮ್ಮ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. 'ನಿನ್ನ ಅಮ್ಮ' ಎಂದು ಬರೆಯುವಾಗ ಪೆನ್ನು ತಡೆಯಿತು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಲೈಬ್ರರಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿನ ಕಟ್ಟಡಕ್ಕೆ ಹೊಸ ಜಾಹೀರಾತು ಅಂಟಿಸುತ್ತಿದ್ದರು, ಪಟ್ಟಿ ಪಟ್ಟಿಯಾಗಿ. ಮೊದಲು ಲೋಟ ಹಿಡಿದ ಕೈ ಬಂತು, ಆಮೇಲೆ ಚಿಕ್ಕಮ್ಮನ ಮುಖ, ಕೊನೆಗೆ ಅವಳ ಭುಜಕ್ಕೆ ಗಲ್ಲವೂರಿ ನಗುತ್ತಿರುವ ನೀನು. ನಾನು ಹೊಲಿದುಕೊಟ್ಟ ಹಸಿರು ಅಂಗಿ ನಿನಗೆ ಚೆನ್ನಾಗಿ ಒಪ್ಪುತ್ತದೆ. 'ನನ್ನ ಮಗಳಿಗಾಗಿ ಮಾಡಿದೆ, ಈಗ ನಿಮ್ಮ ಮಕ್ಕಳಿಗಾಗಿ' ಎಂದು ಕೆಳಗೆ ಬರೆದಿದೆ. ಚಿಕ್ಕಮ್ಮನ ಮನೆಯಲ್ಲಿದ್ದ ಆ ಎರಡು ದಿನ ನಿನಗಿದ್ದ ಕೆಲಸ ಯಾವುದೆಂದು ತಿಳಿಯಿತು. ಷೇರು ಕೊಳ್ಳಲೇ ಎಂದು ನನ್ನನ್ನು ಕೇಳಿದೆ. ಇದನ್ನು ಕೇಳಲಿಲ್ಲ.

ನಮ್ಮ ಲೈಬ್ರರಿಯ ಜವಾನ ಪಕ್ಕದಲ್ಲೇ ನಿಂತಿದ್ದ. "ಮೇಡಂ, ನೋಡಿ ನೋಡಿ, ಆ ಹುಡುಗಿ ಥೇಟ್ ನಿಮ್ಮ ಮಗಳ ಥರಾನೇ ಇದಾಳೆ!" ಅಂದ.

"ಇಲ್ಲಪ್ಪ," ಅಂದೆ. "ಅವಳಮ್ಮ ಪಕ್ಕದಲ್ಲೇ ಇದಾಳಲ್ಲ."